ಗಾಜಿನ ಮೇಲಿನ ಸುತ್ತು

ಗೌರಿಬಿದನೂರು
14 ನವೆಂಬರ್ 1994

ಭಾವನವರಿಗೆ,

“ಹುಳ ಸಾಕೋ ಮನೇಲಿ ಇನ್ನೊಂದು ಹುಳಕ್ಕೆ ಜಾಗ ಇರಲ್ಲ” ಎಂದಿರೋ, “ಜಾಗ ಕೊಡಲ್ಲ” ಎಂದಿರೋ, ಈಗ ಸರಿಯಾಗಿ ನೆನಪಿಗೆ ಬರುತ್ತಿಲ್ಲ. ಬಸ್ಸು ಹೊರಟಿತ್ತು. ನೀವು ನನ್ನನ್ನು ನೋಡದೆ ಬಸ್ಸಿನ ಚಕ್ರವನ್ನು ನೋಡಿಕೊಂಡು ಹೇಳಿದಿರಿ. ಚಿಕ್ಕಬಳ್ಳಾಪುರ ದಾಟುವವರೆಗೆ ಎರಡನ್ನೂ ಮನಸ್ಸಿನಲ್ಲೇ ಹೇಳಿಕೊಂಡು ನೋಡಿದೆ. ಮೊದಲನೆಯದಾದರೆ ಅದು ನಿಮ್ಮ ಅಭಿಪ್ರಾಯ, ಉತ್ತರ ಕೊಡಬಹುದು. ಎರಡನೆಯದಾದರೆ ತೀರ್ಮಾನ. ಆದರೂ ಉತ್ತರ ಕೊಡುತ್ತಿದ್ದೇನೆ.

ಆ ಸಮುದ್ರದ ನೀರಿನ ಅಕ್ವೇರಿಯಂ ನನ್ನದು. ಚಿಂತಾಮಣಿಯಿಂದ ಇಲ್ಲಿನ ಕಾಲೇಜಿಗೆ ವರ್ಗವಾದಾಗ ಮನೆಯೊಡತಿ ಮಹಡಿಯ ಮೇಲೆ ಅಷ್ಟು ನೀರಿನ ಭಾರ ಬೇಡವೆಂದರು. “ನಮ್ಮನೇಲಿ ಇಡೇ, ನಾನ್ ನೋಡ್ಕೋತೀನಿ. ನಿನ್ನ ಸಮುದ್ರ ಎಲ್ಲೂ ಓಡಿಹೋಗಲ್ಲ ಕಣೇ” ಎಂದದ್ದು ಅಕ್ಕ. ಆಗ ಅವಳಿಗೆ ಮಾತಿತ್ತು. ಈ ಯುಗಾದಿಯ ಹೊತ್ತಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಈಗ ಹಜಾರದ ಮಂಚದಿಂದ ಅವಳಿಗೆ ಕಾಣುವುದು ಬೀದಿ ಬಾಗಿಲು ಮತ್ತು ಅದರ ಪಕ್ಕದ ಆ ಗಾಜು. ಗಾಜಿನೊಳಗೆ ಎರಡು ಮೀನು, ಹೂವಿನಂತೆ ಅರಳುವ ಕಡಲಹೂ ಎಂಬ ಒಂದು ಪ್ರಾಣಿ, ರಾಮೇಶ್ವರದ ಕಡೆಯಿಂದ ನಾನು ತಂದ ಕಲ್ಲು. ಹೋದ ವಾರ ನಾನು ಬಂದಾಗ ಅವಳು ನನ್ನನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅದನ್ನು ನೋಡಿದಳು. ಇದನ್ನು ದೂರೆಂದು ಹೇಳುತ್ತಿಲ್ಲ.

ಕಲ್ಲಿನ ಮೇಲೂ ಗಾಜಿನ ಮೇಲೂ ಬಿಳಿ ಚುಕ್ಕೆಯಂಥ ಹುಳ ಹತ್ತಿವೆ, ಸಂಕ್ರಾಂತಿ ಕಳೆದು ರೇಷ್ಮೆ ಮೊಟ್ಟೆ ತರುವುದರೊಳಗೆ ಎಲ್ಲವನ್ನೂ ಚೆಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸುತ್ತೇನೆ ಎಂದಿರಿ. ನಾನು ಬಂದ ದಿನ ಕರೆಂಟಿರಲಿಲ್ಲ, ಚುಕ್ಕೆಗಳು ನನಗೆ ಕಾಣಲಿಲ್ಲ. ನೀವು ನೋಡಿದ್ದೀರಿ, ಬರೆಯಿರಿ. ಎಷ್ಟು ದೊಡ್ಡವು? ನೆಟ್ಟಗಿನ ಕೊಳವೆಯೋ, ಸುತ್ತಿಕೊಂಡಿವೆಯೋ? ಬಾಯಿಂದ ಎಳೆಗಳು ಹೊರಗೆ ಬರುತ್ತವೆಯೋ? ಹೆಸರು ಗೊತ್ತಾಗದೆ ಯಾವುದನ್ನೂ ಕೊಲ್ಲುವುದು ನನ್ನ ಅಭ್ಯಾಸವಲ್ಲ.

ಅವುಗಳಿಂದ ಯಾರಿಗೂ ಕೆಡುಕಿಲ್ಲವೆಂದು ಗೊತ್ತಾದರೆ ಅಕ್ವೇರಿಯಂ ಅಲ್ಲೇ ಇರಬೇಕು.

ಯಶೋದ


ಶಿಡ್ಲಘಟ್ಟ
27 ನವೆಂಬರ್ 1994

ಯಶೋದ,

ಕಾಗದ ಬಂತು. ನಾನು ಅಂದದ್ದು “ಕೊಡಲ್ಲ” ಅಂತ. ನಿನ್ನ ಅನುಮಾನ ಒಂದಾದರೂ ಪರಿಹಾರವಾಯಿತು.

ದೀಪಾವಳಿ ಬೆಳೆ ಹೋಯಿತು. ನಾಲ್ಕನೇ ಜ್ವರ ಬಿಟ್ಟು, ಪೊರೆ ಕಳಚಿ ಎದ್ದ ಹುಳ ನೋಡಿದವರು ಕಣ್ಣು ಹಾಕುವಂತಿದ್ದವು. ಹಣ್ಣಾಗಿ ಗೂಡಿಗೆ ಬಿಡಬೇಕು ಅನ್ನುವ ಹೊತ್ತಿಗೆ ತಟ್ಟೆಯಲ್ಲೇ ಬಿದ್ದವು. ಮಾರನೆ ದಿನ ಮುಟ್ಟಿದರೆ ಸೀಮೆಸುಣ್ಣದ ಚೂರು. ಸುಣ್ಣಕಟ್ಟು ರೋಗ. ನಿನ್ನ ಪುಸ್ತಕದಲ್ಲಿ ಬೇರೆ ಹೆಸರಿರಬಹುದು, ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಸುಟ್ಟವನಿಗೆ ಈ ಹೆಸರು ಸಾಕು. ನಮ್ಮ ಬೀದಿಯಲ್ಲಿ ಇನ್ನೊಬ್ಬರ ಮನೆಗೂ ಬಂದಿಲ್ಲ. ನಮ್ಮ ಮನೆಗೆ ಮಾತ್ರ ಯಾಕೆ ಬಂತು ಅಂತ ತಲೆ ಕೆಡಿಸಿಕೊಂಡು ಕೂತಿದ್ದಾಗ ಪಕ್ಕದ ಮನೆ ಕೋನಪ್ಪ ಬಂದ. ಬೆಳೆಯಲ್ಲಿ ಅವನದೂ ಪಾಲಿದೆ, ನಿನಗೆ ಗೊತ್ತು. ನಿನ್ನ ಗಾಜಿನ ಪೆಟ್ಟಿಗೆ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ. “ಏಮನ್ನಾ, ಇದೂ ಸುಣ್ಣಕಟ್ಟೇ ಕದಾ? ನೀರಾಗೂ ಬಂದೈತಲ್ಲ!” ಅಂದ. ಆಮೇಲೆ ನಾನೂ ನೋಡಿದೆ. ಬೆಳ್ಳಗೆ, ಗಟ್ಟಿಯಾಗಿ, ಉಗುರಿಗೆ ಸಿಕ್ಕಿದರೆ ಸುಣ್ಣದ ಹಾಗೆ ಪುಡಿಯಾಗುತ್ತದೆ. ಇನ್ನೇನು ಬೇಕು?

ನೀನು ಕೇಳಿದ್ದು: ಜೋಳದ ಕಾಳಿಗಿಂತ ಸಣ್ಣ. ಗೂಡು ಕಟ್ಟಲು ಹುಳ ಬಿಡುತ್ತೇವಲ್ಲ ಬಿದಿರಿನ ಚಂದ್ರಿಕೆ, ಅದರ ದಬ್ಬೆ ಒಳಗಿಂದ ಸುತ್ತಿಕೊಂಡು ಹೋಗುವ ಹಾಗೆ ಸುತ್ತಿಕೊಂಡಿದೆ. ಬಾಯಿಂದ ಎಳೆ ಬರುವುದು ಹೋಗುವುದು ನೋಡುತ್ತ ಕೂರಲು ನನಗೆ ಸಂಬಳದ ರಜೆ ಇಲ್ಲ.

ನಾನೂ ಒಂದು ಕೇಳುತ್ತೇನೆ. ಆ ನೀರಿನಿಂದ ಹಜಾರದ ಗೋಡೆ ಬೆವರುತ್ತದೆ. ಸೊಳ್ಳೆಪರದೆ ಬೆಳಿಗ್ಗೆ ಹಿಂಡುವ ಹಾಗಿರುತ್ತದೆ. ಹಜಾರದ ಆಚೆಯೇ ಹುಳುಮನೆ, ನಡುವೆ ಒಂದು ಗೋಣಿ ತಾಟಿನ ಪರದೆ. ಆ ತೇವಕ್ಕೂ ಈ ರೋಗಕ್ಕೂ ಸಂಬಂಧ ಇದೆಯೋ ಇಲ್ಲವೋ? ಹೌದು ಅಥವಾ ಇಲ್ಲ ಅಂತ ಬರೆ. ಪಾಠ ಬೇಡ.

ನಿನ್ನ ಅಕ್ಕ ಇದ್ದ ಹಾಗೇ ಇದ್ದಾಳೆ. ಬರೆಯುವಂಥದ್ದು ಏನೂ ಇಲ್ಲ.

ಮುನಿವೆಂಕಟಪ್ಪ


ಗೌರಿಬಿದನೂರು
6 ಡಿಸೆಂಬರ್ 1994

ಭಾವನವರಿಗೆ,

ಸುಣ್ಣಕಟ್ಟು ಎಂದರೆ ಬೂಷ್ಟು. ಹುಳದ ಮೈಯೊಳಗೆ ಬೆಳೆದು, ಅದನ್ನು ಕೊಂದು, ಹೊರಗೆ ಬಿಳಿ ಪುಡಿಯಾಗಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಬಿಳುಪು ಸಾವಿನದು. ಅಕ್ವೇರಿಯಂನಲ್ಲಿ ಇರುವುದು ಸಮುದ್ರದ ಹುಳ. ಅದು ನೀರಿನಲ್ಲಿ ಕರಗಿರುವ ಸುಣ್ಣವನ್ನು ತೆಗೆದುಕೊಂಡು ತನ್ನ ಸುತ್ತ ಕೊಳವೆ ಕಟ್ಟಿಕೊಳ್ಳುತ್ತದೆ. ಅಲ್ಲಿ ಬಿಳುಪು ಮನೆಯದು. ನಿಮ್ಮ ಹುಳ ರೇಷ್ಮೆಯಲ್ಲಿ ಕಟ್ಟುವುದನ್ನು ಇದು ಸುಣ್ಣದಲ್ಲಿ ಕಟ್ಟುತ್ತದೆ. ವ್ಯತ್ಯಾಸವೆಂದರೆ ಇದನ್ನು ಯಾರೂ ಕುದಿಯುವ ನೀರಿಗೆ ಹಾಕುವುದಿಲ್ಲ. ಎರಡೂ ಬೆಳ್ಳಗಿವೆ, ಆದ್ದರಿಂದ ಎರಡೂ ಒಂದೇ ಎಂದು ಕೋನಪ್ಪ ಹೇಳಿದರೆ ಅದು ಕೋನಪ್ಪನ ಮಟ್ಟ. ನೀವು ಎಸ್.ಎಸ್.ಎಲ್.ಸಿ. ಪಾಸಾದವರು.

ಆದರೆ ನಿಮ್ಮಿಂದ ಇದು ಅನಿರೀಕ್ಷಿತ ಎಂದೇನೂ ನಾನು ಹೇಳಲಾರೆ. ಅಕ್ಕ ಬಿದ್ದ ದಿನ ಅವಳನ್ನು ಆಸ್ಪತ್ರೆಗೆ ಸೇರಿಸುವ ಮೊದಲು ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋದವರು ನೀವು. ಕಾರಣಕ್ಕೂ ಪರಿಣಾಮಕ್ಕೂ ನೀವು ಹೇಗೆ ಗಂಟು ಹಾಕುತ್ತೀರೆಂದು ನನಗೆ ಅಂದೇ ತಿಳಿಯಿತು.

ಮನದಟ್ಟಾಗಬೇಕಾದರೆ ಒಂದು ಮಾಡಿ. ಬೆಳಕಿರುವಾಗ ಗಾಜಿನ ಮುಂದೆ ಸದ್ದಿಲ್ಲದೆ ಕೂತು, ಸ್ವಲ್ಪ ಹೊತ್ತಿನ ಮೇಲೆ ಕೈಯ ನೆರಳು ಬೀಳಿಸಿ. ಎಳೆಗಳು ಥಟ್ಟನೆ ಒಳಗೆ ಹೋದರೆ ಜೀವವಿದೆ ಎಂದರ್ಥ. ಆಮೇಲೆ ಕಲ್ಲಿನ ಮೇಲಿನ ಒಂದನ್ನೂ ಗಾಜಿನ ಮೇಲಿನ ಒಂದನ್ನೂ ಆರಿಸಿ, ಸುತ್ತು ನಡುವಿನಿಂದ ಹೊರಗೆ ಯಾವ ದಿಕ್ಕಿಗೆ ಹೋಗುತ್ತದೆ ಎಂದು ದೊಡ್ಡದಾಗಿ ಚಿತ್ರ ಬರೆದು ಕಳಿಸಿ. ಗಡಿಯಾರದ ಮುಳ್ಳು ಹೋಗುವ ಕಡೆಗೋ, ಅದರ ವಿರುದ್ಧವೋ. ಈ ಹುಳಗಳಲ್ಲಿ ಬಲಕ್ಕೆ ಸುತ್ತುವ ಜಾತಿ ಬೇರೆ, ಎಡಕ್ಕೆ ಸುತ್ತುವ ಜಾತಿ ಬೇರೆ. ಹೆಸರು ನಿಂತಿರುವುದು ಅದರ ಮೇಲೆ.

ನೀವು ಕೇಳಿದ ಉಳಿದ ವಿಷಯಕ್ಕೂ ಈ ಹುಳಕ್ಕೂ ಸಂಬಂಧವಿಲ್ಲ.

ಯಶೋದ


ಶಿಡ್ಲಘಟ್ಟ
22 ಡಿಸೆಂಬರ್ 1994

ಯಶೋದ,

ಕೈ ಅಡ್ಡ ಹಿಡಿದೆ. ಕೆಂಪು ಎಳೆಯ ಬೀಸಣಿಗೆ, ಇದ್ದದ್ದು ಇಲ್ಲವಾಯಿತು. ಕೈ ತೆಗೆದೆ, ಎಷ್ಟೋ ಹೊತ್ತಿನ ಮೇಲೆ ಒಂದೊಂದೇ ಎಳೆ ಹೆದರಿಕೊಂಡು ಬಂತು. ಜೀವ ಇದೆ, ಒಪ್ಪಿದೆ. ಜೀವ ಇರುವುದೆಲ್ಲ ನನ್ನ ಮನೆಯಲ್ಲಿರಬೇಕು ಅಂತ ಎಲ್ಲಿ ಬರೆದಿದೆ?

ಮುರುಗಮಲ್ಲದ ಮಾತು ಎತ್ತಿದ್ದೀಯ. ಕಾಗದದಲ್ಲಿ ಇದೇ ಮೊದಲು. ಮನಸ್ಸಿನಲ್ಲಿ ಎಷ್ಟು ಸಲ ಬರೆದು ಹರಿದಿದ್ದೀಯೋ, ಅಕ್ಷರ ಪಳಗಿದ ಹಾಗಿದೆ. ಅದಕ್ಕೆ ಉತ್ತರ ಹೇಳಬೇಕಾದವನು ನಾನಲ್ಲ.

ಹೌದು ಅಥವಾ ಇಲ್ಲ ಅಂತ ಬರೆ ಅಂದಿದ್ದೆ. ಎರಡೂ ಬರೆಯದೆ ತಪ್ಪಿಸಿಕೊಂಡಿದ್ದೀಯ. ಇನ್ನೊಂದು ಸಲ ಕೇಳಿದ್ದೀನಿ ಅಂತ ತಿಳಿ.

ನೀನು ಕೇಳಿದ ಚಿತ್ರ ಎರಡೂ ಇದರ ಜೊತೆ ಇಟ್ಟಿದ್ದೀನಿ. ಅಡಿಯಲ್ಲಿ ಒಂದಕ್ಕೆ ಕಲ್ಲು, ಇನ್ನೊಂದಕ್ಕೆ ಗಾಜು ಅಂತ ಬರೆದವನು ನಾನು. ಸರಿಯಾಗಿ ನೋಡು.

ಮುನಿವೆಂಕಟಪ್ಪ


ಗೌರಿಬಿದನೂರು
3 ಜನವರಿ 1995

ಭಾವನವರಿಗೆ,

ಸರಿಯಾಗಿಯೇ ನೋಡಿದೆ. ಕಲ್ಲಿನ ಮೇಲಿನದು ಗಡಿಯಾರದ ಮುಳ್ಳಿನಂತೆ ಸುತ್ತಿದೆ. ಗಾಜಿನ ಮೇಲಿನದು ಅದಕ್ಕೆ ವಿರುದ್ಧ. ಅಂದರೆ ಇವು ಎರಡು ಬೇರೆ ಬೇರೆ ಜಾತಿ. ಇದರಿಂದ ವಿಷಯ ಸುಲಭವಾಯಿತು.

ಕಲ್ಲಿನ ಮೇಲಿನದು ನನ್ನ ಕಲ್ಲಿನೊಡನೆ ಬಂದದ್ದು. ಚಿಂತಾಮಣಿಯಲ್ಲೂ ಇತ್ತು, ಯಾರಿಗೂ ಏನೂ ಮಾಡಿಲ್ಲ. ಗಾಜಿನ ಮೇಲಿನದು ಹೊಸದು. ಅದು ಬಂದದ್ದು ದಸರೆಯ ಹೊತ್ತಿಗೆ ನೀವು ತರಿಸಿದ ನೀರಿನಲ್ಲಿ. ಮದ್ರಾಸಿಗೆ ಟೊಮೇಟೊ ಹೊತ್ತು ಹೋಗುವ ಗಂಗುಲಪ್ಪ ಖಾಲಿ ಲಾರಿಯಲ್ಲಿ ವಾಪಸಾಗುವಾಗ ಕ್ಯಾನುಗಳಲ್ಲಿ ಸಮುದ್ರದ ನೀರು ತರುವುದು ನಾನು ಮಾಡಿದ ಏರ್ಪಾಡು. ನಾನು ಕೇಳುತ್ತಿದ್ದಷ್ಟು ಕಾಲ ಬಂದರಿನಿಂದ ದೂರ ಹೋಗಿ, ತೆರೆ ಚೆನ್ನಾಗಿ ಬಡಿಯುವ ಕಡೆ ತುಂಬುತ್ತಿದ್ದ. ಈಗ ಕೇಳುವವರಿಲ್ಲವೆಂದು ಯಾವ ಕೊಳಕು ಕಾಲುವೆಯ ಬಾಯಲ್ಲಿ ತುಂಬಿದನೋ. ಕೇಳುವುದು ನಿಮ್ಮ ಕೆಲಸವಾಗಿತ್ತು.

ಆದ್ದರಿಂದ ಗಾಜಿನ ಮೇಲಿನವನ್ನು ಹೊಸ ಬ್ಲೇಡಿನಿಂದ ಒಂದೂ ಬಿಡದೆ ಕೆರೆದು ತೆಗೆಯಿರಿ. ಕಲ್ಲು ಅಡ್ಡವಿರುವುದರಿಂದ ಗೋಡೆಯ ಕಡೆಯ ಗಾಜಿಗೆ ಕೈ ಹೋಗುವುದಿಲ್ಲ, ಅದನ್ನು ಆಮೇಲೆ ನೋಡೋಣ, ಮುಂದಿನದನ್ನು ಚೊಕ್ಕಟ ಮಾಡಿ. ಕಲ್ಲನ್ನು ಮುಟ್ಟಬೇಡಿ. ನೀವು ಹೆದರಿದ ಹೊಸ ಹುಳ ಹೋಗುತ್ತದೆ, ಅಕ್ವೇರಿಯಂ ಉಳಿಯುತ್ತದೆ. ಇಬ್ಬರಿಗೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ.

ಚಿತ್ರದ ಬಗ್ಗೆ. ಗೆರೆ ಎಲ್ಲೂ ನೆಟ್ಟಗಿಲ್ಲ. ನಡುನಡುವೆ ಕಿತ್ತುಹೋಗಿದೆ, ಎರಡು ಕಡೆ ಪೆನ್ಸಿಲ್ಲು ಕಾಗದವನ್ನೇ ತೂತು ಮಾಡಿದೆ. ಕುಡಿದ ಕೈ ಬರೆದ ಹಾಗಿದೆ. ಅಕ್ಕನ ಕಣ್ಣೆದುರಿಗಿರುವ ಒಂದೇ ವಸ್ತುವಿಗೆ ಸಂಬಂಧಿಸಿದ ಕೆಲಸ, ಅದರಲ್ಲೂ ನಿಮಗೆ ಈ ಅಸಡ್ಡೆ. ನನ್ನ ಪಿ.ಯು.ಸಿ. ವಿದ್ಯಾರ್ಥಿಗಳು ಇಂಥದ್ದನ್ನು ಕೊಟ್ಟರೆ ಹರಿದು ಹಾಕುತ್ತೇನೆ.

ಯಶೋದ


ಶಿಡ್ಲಘಟ್ಟ
19 ಜನವರಿ 1995

ಲೆಕ್ಚರರ್ ಮೇಡಂ ಅವರಿಗೆ,

ತಾವು ಹೇಳಿದಂತೆ ಮಾಡಿದ್ದೇನೆ. ಸಂಕ್ರಾಂತಿಯ ಮಾರನೆ ದಿನ ಹೊಸ ಬ್ಲೇಡು ತಂದು, ಮಂಚದ ಕಡೆಯ ಗಾಜನ್ನು ಒಳಗಡೆ ಮೇಲಿಂದ ಕೆಳಗೆ ಕೆರೆದೆ. ಚರಚರ ಸದ್ದಾಯಿತು. ಬಿಳಿ ಹಿಟ್ಟು ಉದುರಿದ ಹಾಗೆ ಉದುರಿದವು, ಮೀನು ಬಂದು ತಿಂದವು. ಮುಕ್ಕಾಲು ಪಾಲು ಮುಗಿದಿತ್ತು, ನಿಮ್ಮ ಅಕ್ಕ ಒಂದು ಸದ್ದು ಮಾಡಿದಳು. ಬಿದ್ದ ದಿನದಿಂದ ನಾನು ಅವಳ ಬಾಯಲ್ಲಿ ಕೇಳಿರದ ಸದ್ದು. ಅವಳಿಗೆ ಏನೋ ಬೇಕಾಗಿದೆ ಅಂದುಕೊಂಡು ನಮ್ಮಕ್ಕ ಅಮ್ಮಾಜಮ್ಮ ನೀರು ಹಿಡಿದು ಓಡಿಬಂದಳು. ನೀರಲ್ಲ. ನಾನು ಕೆರೆಯುವುದು ಮುಗಿಸಿದೆ, ತಾವು ಒಂದೂ ಬಿಡಬೇಡಿ ಅಂದಿದ್ದಿರಲ್ಲ. ತಿರುಗಿ ನೋಡುವ ಹೊತ್ತಿಗೆ ಅವಳು ಮುಖವನ್ನು ಗೋಡೆ ಕಡೆ ಮಾಡಿಕೊಂಡಿದ್ದಳು. ಬಲಗಡೆ ಹೊರಳಲು ಆಗದವಳು ಹೇಗೆ ಹೊರಳಿದಳೋ.

ಆ ಗಾಜಿನ ಮೇಲೆ, ತಲೆದಿಂಬಿನ ನೇರಕ್ಕೆ, ಒಂದು ಗುಂಪು ಇತ್ತು. ಬೆಳಗಾದರೆ ಅವು ಬೀಸಣಿಗೆ ತೆಗೆಯುವುದನ್ನು ನೋಡುತ್ತಿದ್ದಳು. ಯಾರಾದರೂ ನಡುವೆ ಹಾದು ನೆರಳು ಬಿದ್ದರೆ ಆಚೆ ಸರಿಯಿರಿ ಅಂತ ಅವಳ ಎಡಗೈ ಆಡುತ್ತಿತ್ತು. ತಾವು ನೆರಳಿನ ಪಾಠ ಬರೆಯುವ ಮುಂಚೆಯೇ ಅವಳಿಗೆ ಅದು ಗೊತ್ತಿತ್ತು.

ಚಿತ್ರ ಬರೆದವಳು ಅವಳು. ಎಡಗೈಯಲ್ಲಿ. ಕಲ್ಲಿನದು ಒಂದು ದಿನ ಆಯಿತು, ಗಾಜಿನದು ಮೂರು ದಿನ. ಕೆಳಗೆ ಹಲಗೆ ಹಿಡಿದುಕೊಂಡು ಕೂತವನು ಈ ಕುಡುಕ. ಬಿದ್ದ ಮೇಲೆ ಅವಳು ಮಾಡಿದ ಮೊದಲನೆ ಕೆಲಸ ಅದು. ತಿಳಿಸಬಹುದಾಗಿತ್ತು. ಹುಳದ ಸುತ್ತು ನೋಡಿ ಹೆಸರು ಹೇಳುವವರಿಗೆ ಒಡಹುಟ್ಟಿದವಳ ಕೈ ಗುರುತು ಸಿಗದೆ ಹೋಗುತ್ತದೆಯೇ ಅಂತ ತಿಳಿಸಲಿಲ್ಲ.

ತಮಗೆ ಗೊತ್ತಿಲ್ಲದ ಇನ್ನೊಂದು. ತಮ್ಮ ಕಾಗದ ಬಂದರೆ ಅವಳು ಮಂಚದ ಕಂಬಿ ಬಡಿಯುತ್ತಾಳೆ, ಓದು ಅಂತ. ಮೊದಲನೆಯದರಿಂದ ಎಲ್ಲವನ್ನೂ ಓದಿದ್ದೇನೆ. ಮುರುಗಮಲ್ಲದ ಮಾತೂ ಓದಿದೆ. ಕುಡಿದ ಕೈ ಅಂದದ್ದೂ ಓದಿದೆ. ಒಂದು ಸಾಲು ಬಿಟ್ಟು ಓದಬಹುದಿತ್ತು. ಬರೆದವರೇ ಬಿಡದೆ ಇದ್ದದ್ದನ್ನು ನಾನು ಯಾಕೆ ಬಿಡಲಿ?

ಮುರುಗಮಲ್ಲದ್ದೂ ಕೇಳಿ. ಬಿದ್ದ ಹೊತ್ತಿನಲ್ಲಿ ನಾಲಿಗೆ ತೊದಲುತ್ತ ಅವಳ ಬಾಯಿಂದ ಬಂದ ಕಡೆಯ ಮಾತು ಆ ಊರಿನ ಹೆಸರು. ನಾನು ಅದನ್ನು ಮೀರಬೇಕಿತ್ತು ಅಂತ ತಾವು ಹೇಳಬಹುದು. ಅಲ್ಲಿ ನೀವಿರಲಿಲ್ಲ. ಈಗಲೂ ಇಲ್ಲ. ಕಾಗದಕ್ಕೆ ಸ್ಟಾಂಪು ಹಚ್ಚುವ ಬದಲು ಬಸ್ಸು ಹತ್ತಬಹುದಿತ್ತು. ಬಂದು ಎರಡು ಕಣ್ಣಿಂದ ನೋಡಿದ್ದರೆ ಚಿತ್ರ ಯಾಕೆ ಬೇಕಿತ್ತು?

ಚಳಿಗೆ ಮೊಟ್ಟೆ ತರುವುದನ್ನು ಶಿವರಾತ್ರಿವರೆಗೆ ಮುಂದೆ ಹಾಕಿದ್ದೇನೆ. ಅಷ್ಟರೊಳಗೆ ಪೆಟ್ಟಿಗೆಯ ವಿಷಯ ಮುಗಿಯಬೇಕು. ಮೂರನೆ ಸಲ ಕೇಳುತ್ತಿದ್ದೇನೆ: ಆ ತೇವದಿಂದ ಈ ರೋಗ ಬರುತ್ತದೆಯೋ ಇಲ್ಲವೋ?

ಮುನಿವೆಂಕಟಪ್ಪ


ಗೌರಿಬಿದನೂರು
12 ಫೆಬ್ರವರಿ 1995

ಭಾವನವರಿಗೆ,

ನಮ್ಮ ವಿಭಾಗದ ಬಾಗಿಲಿಗೆ ಗಾಜು ಇದೆ. ಅದರ ಮೇಲೆ ಹೊರಗಡೆಯಿಂದ ಬಿಳಿ ಬಣ್ಣದಲ್ಲಿ ಪ್ರಾಣಿಶಾಸ್ತ್ರ ಎಂದು ಬರೆದಿದೆ. ಒಳಗೆ ನನ್ನ ಕುರ್ಚಿಯಿಂದ ಅದು ದಿನವೂ ಹಿಂದುಮುಂದಾಗಿ ಕಾಣುತ್ತದೆ. ಇಲ್ಲಿಗೆ ಬಂದಾಗಿನಿಂದ ನೋಡುತ್ತಿದ್ದೇನೆ, ಓದಿರಲಿಲ್ಲ. ಹೋದ ವಾರ ಓದಿದೆ.

ಗಾಜಿನ ಮೇಲಿನ ಹುಳ ತನ್ನ ಬೆನ್ನನ್ನು ಗಾಜಿಗೆ ಅಂಟಿಸಿಕೊಂಡಿರುತ್ತದೆ. ಮುಖ ನೀರಿನ ಕಡೆಗೆ. ಮಂಚದಿಂದ ನೋಡಿದವರಿಗೆ ಕಾಣುವುದು ಬೆನ್ನು, ಆದ್ದರಿಂದ ಸುತ್ತು ತಿರುಗಾಮುರುಗಾ. ಕಲ್ಲಿನ ಮೇಲಿನದರ ಮುಖವೇ ಕಾಣುತ್ತದೆ. ಚಿತ್ರ ಎರಡೂ ಸರಿಯಾಗಿದ್ದವು. ಕಂಡದ್ದನ್ನು ಕಂಡ ಹಾಗೆ ಬರೆದಿತ್ತು. ನಾನು ಕೇಳಬೇಕಾಗಿದ್ದದ್ದು ಯಾವ ಕಡೆಯಿಂದ ನೋಡಿ ಬರೆದದ್ದು ಎಂದು, ಅದನ್ನು ಕೇಳಲಿಲ್ಲ. ಹುಳ ಒಂದೇ ಜಾತಿ, ನನ್ನ ಕಲ್ಲಿನದೇ. ಗಂಗುಲಪ್ಪನ ನೀರಿನಲ್ಲಿ ದೋಷವಿರಲಿಲ್ಲ. ಕೆರೆಯಬೇಕಾಗಿರಲಿಲ್ಲ.

ತೇವ: ಹೌದು. ಆ ಬೂಷ್ಟು ತೇವದಲ್ಲಿ ಹಬ್ಬುತ್ತದೆ. ಮುಚ್ಚಳವಿಲ್ಲದ ಅಷ್ಟು ನೀರು, ಚಳಿಗಾಲ, ನಡುವೆ ಒಂದು ಗೋಣಿ ತಾಟು. ನೀವು ನವೆಂಬರಿನಲ್ಲಿ ಕೇಳಿದಾಗಲೂ ಉತ್ತರ ಇದೇ ಆಗಿತ್ತು.

ಇದನ್ನು ಓದಿ ಗೆದ್ದೆ ಎಂದುಕೊಳ್ಳುತ್ತೀರಿ. ನೀವು ಕೊಟ್ಟ ಕಾರಣ ಪೂರ್ತಿ ತಪ್ಪು, ಮಾಡಬೇಕೆಂದದ್ದು ಸರಿ. ಅಂಥ ಸರಿಯಿಂದ ನಿಮಗೆ ಎಷ್ಟು ಸಂತೋಷವಾಗುತ್ತದೋ ಅಷ್ಟನ್ನು ಇಟ್ಟುಕೊಳ್ಳಿ. ಅಕ್ಕನ ಮುಂದೆ ನನ್ನ ಮಾತನ್ನು ಒಂದು ಸಾಲೂ ಬಿಡದೆ ಓದಿದ ನಿಮ್ಮ ನಿಷ್ಠೆಯನ್ನು ನಾನು ಮರೆಯಲಾರೆ. ನೀವು ಬರೆದದ್ದನ್ನೂ ಓದಿದಿರಾ?

ಪೆಟ್ಟಿಗೆಯ ವಿಷಯ ನೀವೂ ತೀರ್ಮಾನಿಸಬೇಡಿ, ನಾನೂ ತೀರ್ಮಾನಿಸುವುದಿಲ್ಲ. ಈ ಕಾಗದವನ್ನು ಓದಿ, ಇರಲೋ ಬೇಡವೋ ಎಂದು ಅವಳನ್ನು ಕೇಳಿ.

ಯಶೋದ


ಶಿಡ್ಲಘಟ್ಟ
10 ಮಾರ್ಚ್ 1995

ಯಶೋದ,

ಓದಿದೆ. ಹೌದು ಅನ್ನುವ ಮಾತನ್ನು ಎರಡು ಸಲ ಓದಿದೆ, ಅದು ನನ್ನ ಹಕ್ಕು. ಆಮೇಲೆ ಕೇಳಿದೆ, ಇರಲೋ ಬೇಡವೋ. ಕೋನಪ್ಪ, ಅಮ್ಮಾಜಮ್ಮ ಇಬ್ಬರೂ ಇದ್ದರು.

ಅವಳು ಎಡಗೈ ಎತ್ತಿ ತೋರಿಸಿದಳು. ನಿನಗೆ ಗೊತ್ತಲ್ಲ, ಮಂಚದಿಂದ ನೋಡಿದರೆ ಗಾಜಿಗೂ ಬೀದಿ ಬಾಗಿಲಿಗೂ ನಡುವೆ ಒಂದೇ ಮೊಳ ಅಂತರ. ಬೆರಳು ಒಂದೇ ಕಡೆ ನಿಲ್ಲಲಿಲ್ಲ. ನಾನು ಬಾಗಿಲು ಅಂತ ತಿಳಿದೆ, ಹೊರಗೆ ಹಾಕು ಅಂತ. “ಲೇದನ್ನಾ, ಅಮ್ಮ ತೋರಿಸ್ತಿರೋದು ಗಾಜು ಕಣಣ್ಣ” ಅಂದ ಕೋನಪ್ಪ. “ನೀನ್ ಸುಮ್ಕಿರೋ, ನಿನ್ ಕಣ್ಣು ನಂಬಿ ಒಂದ್ ಸಲ ಕೆಟ್ಟಿದೀನಿ” ಅಂದೆ. ಅಮ್ಮಾಜಮ್ಮ ಎದ್ದು ಒಲೆ ಕಡೆ ಹೋದಳು. ಶಿವರಾತ್ರಿ ಮುಂದಿತ್ತು. ನಾನು ಬಾಗಿಲು ಅಂತಲೇ ತೀರ್ಮಾನ ಮಾಡಿದೆ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಬ್ಲೀಚಿಂಗ್ ಪೌಡರ್ ಹಾಕಲಿಲ್ಲ. ಮೀನು, ಕಡಲಹೂ, ಕಲ್ಲು, ಕಲ್ಲಿನ ಮೇಲಿನ ಹುಳ ಎಲ್ಲವನ್ನೂ ಅದೇ ನೀರು ತುಂಬಿದ ಕ್ಯಾನುಗಳಲ್ಲಿಟ್ಟು ಗಂಗುಲಪ್ಪನ ಲಾರಿಗೆ ಹಾಕಿದೆ, ಮದ್ರಾಸಿನಲ್ಲಿ ತೆರೆ ಚೆನ್ನಾಗಿ ಬಡಿಯುವ ಕಡೆ ಬಿಡು ಅಂತ. “ನನ್ ನೀರಿಗೆ ಹೆಸರಿಟ್ಟರಂತೆ ನಿಮ್ ನಾದಿನಿ” ಅಂದ. ಈಗ ವಾಪಸು ತಗೊಂಡಿದ್ದಾಳೆ ಅಂದೆ. ಮಿಕ್ಕ ನೀರನ್ನು ಬೀದಿ ಚರಂಡಿಗೆ ಬಿಟ್ಟೆ, ಹಿಪ್ಪುನೇರಳೆ ಸೊಪ್ಪಿನ ತೋಟಕ್ಕೆ ಉಪ್ಪು ಆಗದು.

ಖಾಲಿ ಗಾಜನ್ನು ಹಿತ್ತಲಲ್ಲಿ ಇಟ್ಟೆವು. ಅವಳು ಕಂಬಿ ಬಡಿಯಲು ಶುರು ಮಾಡಿದಳು. ಅನ್ನ ಮುಟ್ಟಲಿಲ್ಲ. ಎರಡನೆ ದಿನ ಒಳಗೆ ತಂದು ಹಿಂದೆ ಇದ್ದ ಜಾಗದಲ್ಲೇ ಇಟ್ಟ ಮೇಲೆ ನಿಲ್ಲಿಸಿದಳು. ಈಗ ಅಲ್ಲೇ ಇದೆ. ನೀರಿಲ್ಲ, ಏನಿಲ್ಲ. ಅದರ ಆಚೆಗಿನ ಗೋಡೆ ಕಾಣುತ್ತದೆ. ಅದನ್ನೇ ನೋಡುತ್ತಾಳೆ. ಕೋನಪ್ಪ ನನ್ನ ಮುಖ ನೋಡಿದ, ಬಾಯಿ ಬಿಡಲಿಲ್ಲ. ಅಷ್ಟು ಬುದ್ಧಿ ಅವನಿಗಿದೆ.

ನಾನು ಬರೆದ ಕಾಗದ ಅವಳಿಗೆ ಓದಿದೆನಾ ಅಂತ ಕೇಳಿದ್ದೀಯ. ಇಲ್ಲ. ಇದನ್ನೂ ಓದಲ್ಲ.

ಹೊಸ ಹುಳ ಎರಡನೆ ಜ್ವರಕ್ಕೆ ಕೂತಿವೆ. ಒಂದೂ ಬೆಳ್ಳಗಾಗಿಲ್ಲ. ನೀನು ಕೇಳುವವಳಲ್ಲ, ಆದ್ದರಿಂದ ಹೇಳುತ್ತಿದ್ದೀನಿ.

ಇದರ ಜೊತೆ ಒಂದು ಚಿತ್ರ ಇದೆ. ಮೊನ್ನೆ ಪೆನ್ಸಿಲ್ಲಿಗೆ ಕೈ ನೀಡಿದಳು, ಕೊಟ್ಟೆ. ಈ ಸಲ ಯಾರೂ ಬರೆ ಅನ್ನಲಿಲ್ಲ. ಬರೆದು ಮುಗಿಸಿ ನನ್ನ ಜೇಬು ತೋರಿಸಿದಳು. ನಿನ್ನ ಕಾಗದ ಇರುವುದು ಅಲ್ಲಿ. ಇದು ಕಲ್ಲೋ ಗಾಜೋ ನನಗೆ ತಿಳಿಯದು, ಅಡಿಯಲ್ಲಿ ಏನೂ ಬರೆದಿಲ್ಲ.

ಮುನಿವೆಂಕಟಪ್ಪ


ಗೌರಿಬಿದನೂರು
17 ಮಾರ್ಚ್ 1995

ಅಕ್ಕ,

ಲಕೋಟೆಯ ಮೇಲೆ ಭಾವನ ಹೆಸರಿದೆ, ಒಳಗಿನದು ನಿನಗೆ. ಓದುವವರು ಅವರೇ. ನವೆಂಬರಿನಿಂದ ನಾನು ಅವರಿಗೆ ಬರೆದ ಬಿರುಸು ಮಾತುಗಳೆಲ್ಲ ನಿನಗೆ ಅವರ ದನಿಯಲ್ಲೇ ಕೇಳಿಸಿವೆ. ಅವರು ನನಗೆ ಬರೆದದ್ದು ನಿನಗೆ ಕೇಳಿಸಿಲ್ಲ. ನಿನ್ನ ಮಟ್ಟಿಗೆ ಈ ಜಗಳದಲ್ಲಿ ಬೈದವಳು ನಾನೊಬ್ಬಳೇ, ಬೈಸಿಕೊಂಡವರೇ ನನ್ನ ಪರವಾಗಿ ಬೈದಿದ್ದಾರೆ. ಭಾವನವರೇ, ಈ ಸಾಲನ್ನೂ ಬಿಡಬೇಡಿ.

ಮೂರು ಚಿತ್ರಗಳನ್ನೂ ಲ್ಯಾಬಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಮೊದಲಿನ ಎರಡನ್ನು ನಾನು ಹರಿದಿರಲಿಲ್ಲ. ಮೂರನೆಯದರ ಸುತ್ತು ಗಡಿಯಾರದ ಮುಳ್ಳಿನಂತೆ ಹೋಗಿದೆ. ಕಲ್ಲಿನದರ ಹಾಗೆ. ಆದರೆ ಇದು ಕಲ್ಲಲ್ಲ ಎಂದು ನನಗೆ ಅನ್ನಿಸುತ್ತದೆ. ಕಲ್ಲಿನ ಚಿತ್ರದಲ್ಲಿ ಒಂದೇ ಹುಳ ಇತ್ತು. ಇದರಲ್ಲಿ ಒಂದರ ಪಕ್ಕಕ್ಕೆ ಒಂದು, ಗುಂಪು. ನಿನ್ನ ತಲೆದಿಂಬಿನ ನೇರಕ್ಕೆ ಇದ್ದವು ಎಂದು ಭಾವ ನನಗೆ ಬರೆದಿದ್ದರು, ಅವು. ನಾನು ಕೆರೆಯಿರಿ ಎಂದವು.

ಗಾಜಿನ ಚಿತ್ರವನ್ನು ಕಿಟಕಿಗೆ ಹಿಡಿದು ಹಿಂದಿನಿಂದ ನೋಡಿದೆ. ಬೆಳಕಿನಲ್ಲಿ ಗೆರೆ ಈಚೆಗೆ ಕಂಡಿತು. ಪೆನ್ಸಿಲ್ಲು ತೂತು ಮಾಡಿದ ಕಡೆ ಬೆಳಕು ನೇರವಾಗಿ ಬಂತು. ಆ ಸುತ್ತಿನ ಮೇಲೆ ಹೊಸದರ ಸುತ್ತನ್ನು ಇಟ್ಟರೆ ಎರಡೂ ಒಂದೇ ಕಡೆಗೆ ಹೋಗುತ್ತವೆ. ಅಂದರೆ ಈ ಸಲ ನೀನು ಬರೆದಿರುವುದು ಬೆನ್ನನ್ನಲ್ಲ, ನೀರಿನ ಕಡೆಯಿಂದ ಮಾತ್ರ ಕಾಣುವ ಮುಖವನ್ನು.

ಗೋಡೆಯ ಕಡೆಯ ಗಾಜನ್ನು ಯಾರೂ ಕೆರೆದಿಲ್ಲ. ಅಲ್ಲಿನವು ಒಣಗಿ ಅಂಟಿಕೊಂಡಿರಬಹುದು, ಈಗ ನೀರಿಲ್ಲದೆ ನಿನಗೆ ನೇರವಾಗಿ ಅವುಗಳ ಮುಖ ಕಾಣುತ್ತಿರಬಹುದು. ಅವನ್ನು ನೋಡಿ ಬರೆದಿರಬಹುದು. ಇಲ್ಲವೇ ಭಾವ ನನ್ನ ಕಾಗದ ಓದಿದಾಗ, ಬೆನ್ನು, ಮುಖ ಎಂದು ನಾನು ಬರೆದದ್ದನ್ನು ಕೇಳಿ, ಇಲ್ಲದಿರುವ ಹುಳಗಳನ್ನು ಮನಸ್ಸಿನಲ್ಲೇ ತಿರುಗಿಸಿಕೊಂಡೆಯೋ ಏನೋ. ಬಂದು ಗಾಜನ್ನು ನೋಡಿದರೆ ನನಗೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಇಲ್ಲಿಂದ ಬೆಳಿಗ್ಗೆ ಬಸ್ಸಿದೆ. ಅದು ಇಷ್ಟು ದಿನವೂ ಇತ್ತು.

ನೀನು ಕೈ ಎತ್ತಿ ತೋರಿಸಿದ್ದು ಬಾಗಿಲನ್ನೋ ಗಾಜನ್ನೋ ಎಂದು ನಾನು ಕೇಳುವುದಿಲ್ಲ. ಅದನ್ನು ಕೇಳಬೇಕಾದ ಹೊತ್ತಿನಲ್ಲಿ ಅಲ್ಲಿದ್ದವರು ಬೇರೆ. ನನ್ನದು ಒಂದೇ. ಅವು ಹೋದ ಮೇಲೆ, ನೀರೂ ಹೋದ ಮೇಲೆ, ಆ ಮಂಚದ ಮೇಲಿಂದ ಏಳಲಾರದ ನೀನು, ಅಕ್ಕ, ಈ ಸಲ ಎಲ್ಲಿಂದ ನೋಡಿ ಬರೆದೆ?